ನೇಪಾಳದಲ್ಲಿ ಶಾಲೆ ಕಟ್ಟುವ ಸ್ವಯಂಸೇವೆಗೆ 1 ಲಕ್ಷ 20 ಸಾವಿರ ಕೇಳುತ್ತಿದ್ದಾರೆ, ಹೋಗಬಹುದಾ?

ಕಲ್ಪತರು_ಹುಡುಗಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ನಾನು ತುಮಕೂರು ಕಡೆಯವಳು. ವಯಸ್ಸು 27, ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಹಳೇ ಕಂಪನಿ ಬಿಟ್ಟು ಹೊಸದಕ್ಕೆ ಸೇರುವ ನಡುವೆ ಆರು ವಾರ ಬಿಡುವು ಸಿಗುತ್ತಿದೆ. ಎಲ್ಲರೂ ಬಾಲಿ, ವಿಯೆಟ್ನಾಂ ಅನ್ನುತ್ತಿದ್ದಾರೆ. ನನಗೆ ಯಾಕೋ ಈ ಸಲ ಸುಮ್ನೆ ತಿರುಗಿ ಫೋಟೋ ಹಾಕೋದು ಬೇಡ ಅನ್ನಿಸಿದೆ. ಏನಾದರೂ ಕಟ್ಟುವ ಕೆಲಸಕ್ಕೆ ಕೈ ಹಾಕಬೇಕು ಅಂತ ಹುಡುಕಿದಾಗ ಒಂದು ವಿದೇಶಿ ಏಜೆನ್ಸಿ ಸಿಕ್ಕಿತು. ನೇಪಾಳದ ಬೆಟ್ಟದ ಹಳ್ಳಿಯಲ್ಲಿ ಭೂಕಂಪಕ್ಕೆ ಬಿದ್ದ ಶಾಲೆ ಮತ್ತೆ ಕಟ್ಟುತ್ತಾರಂತೆ, ಸ್ವಯಂಸೇವಕರು ಎರಡು ವಾರ ಇದ್ದು ಗೋಡೆ ಕಟ್ಟಬೇಕು, ಬಣ್ಣ ಹೊಡೆಯಬೇಕು. ಫೀಸು 1,450 ಡಾಲರ್. ನಮ್ಮ ದುಡ್ಡಲ್ಲಿ ಸುಮಾರು 1 ಲಕ್ಷ 20 ಸಾವಿರ, ವಿಮಾನದ ಟಿಕೆಟ್ ಬೇರೆ. "ಯಾವ ಅನುಭವವೂ ಬೇಕಿಲ್ಲ" ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಕೊನೆಯ ಎರಡು ದಿನ ಚಿತವನದಲ್ಲಿ ಆನೆ, ಘೇಂಡಾಮೃಗ ನೋಡೋದೂ ಸೇರಿದೆಯಂತೆ.

ಅಪ್ಪನಿಗೆ ಹೇಳಿದೆ. ಅವರು ಹೇಳಿದ್ದು ಒಂದೇ ಮಾತು: "ಮನೆ ಹಿಂದಿನ ಕಾಂಪೌಂಡ್ ಬಿದ್ದು ಎರಡು ವರ್ಷ ಆಯಿತು, ಮೊದಲು ಅದನ್ನು ಕಟ್ಟು."

ನಾನು ಜೀವನದಲ್ಲಿ ಒಂದು ಇಟ್ಟಿಗೆ ಮೇಲೆ ಇನ್ನೊಂದು ಇಟ್ಟಿಗೆ ಇಟ್ಟವಳಲ್ಲ. ಹೋದರೆ ಯಾರಿಗಾದರೂ ಉಪಯೋಗ ಆಗುತ್ತದಾ? ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ನೇರವಾಗಿ ಹೇಳಿ, ಬೈದರೂ ಪರವಾಗಿಲ್ಲ.

ಹುಬ್ಬಳ್ಳಿ_ಗಾರೆ

ತಂಗಿ, ಬೈಯೋದಿಲ್ಲ, ಲೆಕ್ಕ ಹೇಳ್ತೇನೆ. ನಾನು 22 ವರ್ಷದಿಂದ ಬಿಲ್ಡಿಂಗ್ ಕಂತ್ರಾಟು ಮಾಡುವವನು. ನನ್ನ ಹತ್ತಿರ ಇರುವ ಒಳ್ಳೆ ಮೇಸ್ತ್ರಿ, ಜೊತೆಗೆ ಒಬ್ಬ ಹೆಲ್ಪರ್ ಇದ್ದರೆ, ದಿನಕ್ಕೆ 500 ಇಟ್ಟಿಗೆ ಕಟ್ಟುತ್ತಾನೆ. ಮೊದಲ ದಿನ ಕರಣೆ ಹಿಡಿದವರು 60 ಕಟ್ಟಿದರೆ ದೊಡ್ಡದು. ಆ 60ರಲ್ಲೂ ರಸಮಟ್ಟ ಇಟ್ಟು ನೋಡಿದರೆ ಅರ್ಧ ಒಡೆದು ಮತ್ತೆ ಕಟ್ಟಬೇಕು. ನಿಮ್ಮಂಥ 12 ಜನ ಒಟ್ಟಿಗೆ ಬಂದರೆ ಮೇಸ್ತ್ರಿಯ ಇಡೀ ದಿನ ನಿಮ್ಮನ್ನು ಕಾಯುವುದರಲ್ಲೇ ಹೋಗುತ್ತದೆ. ನನ್ನ ಸೈಟಿಗೆ ಹಾಗೆ ಬಂದರೆ ಚಹಾ ಕುಡಿಸಿ ಕಳಿಸ್ತೇನೆ.

ಅನುಭವ ಬೇಕಿಲ್ಲ ಅಂತ ಯಾರಾದರೂ ಹೇಳಿದರೆ ಒಂದೇ ಅರ್ಥ. ನೀವು ಅಲ್ಲಿ ಕೆಲಸದವರಲ್ಲ, ಗಿರಾಕಿ.

ಇನ್ನೊಂದು. ಅಪ್ಪ ಹೇಳಿದ್ದನ್ನು ತಮಾಷೆ ಅಂದುಕೊಳ್ಳಬೇಡ. ಆ ಕಾಂಪೌಂಡಿಗೆ ಒಬ್ಬ ಮೇಸ್ತ್ರಿಯನ್ನು ಕರೆಸು. ಅವನ ಕೈಕೆಳಗೆ ನಾಲ್ಕು ದಿನ ಹೆಲ್ಪರ್ ಆಗಿ ನಿಲ್ಲು. ಬಾಂಡ್ಲಿ ಹೊತ್ತು ನೋಡು. ಆಮೇಲೂ ನೇಪಾಳ ಬೇಕು ಅನ್ನಿಸಿದರೆ ಹೋಗು.

ತುಂಗಾ_ತೀರ

ನಾನು ಹೋಗಿ ಬಂದಿದ್ದೇನೆ. 2017ರ ನವೆಂಬರ್, ನುವಾಕೋಟ್ ಜಿಲ್ಲೆ, ಐದು ವಾರ. ಏಜೆನ್ಸಿ ಮೂಲಕ ಅಲ್ಲ. ಗೆಳೆಯನೊಬ್ಬನ ಪರಿಚಯದಲ್ಲಿ ಅಲ್ಲಿಯದೇ ಒಂದು ಸಣ್ಣ ಗುಂಪಿನ ಜೊತೆ. ಊಟ, ಮಲಗೋಕೆ ಜಾಗ ಸೇರಿ ದಿನಕ್ಕೆ 400 ನೇಪಾಳಿ ರೂಪಾಯಿ ಒಂದು ಮನೆಯವರಿಗೆ ಕೊಡುತ್ತಿದ್ದೆ, ಅಷ್ಟೇ ಖರ್ಚು.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ಯಾಕಂದರೆ ಇದು ಗೊತ್ತಿಲ್ಲದೆ ಹೋದರೆ ಅಲ್ಲಿ ಏನು ನಡೆಯುತ್ತಿದೆ ಅಂತಲೇ ತಿಳಿಯೋದಿಲ್ಲ. 2015ರ ಏಪ್ರಿಲ್ 25, ಮಧ್ಯಾಹ್ನ 12ಕ್ಕೆ ನಾಲ್ಕು ನಿಮಿಷ ಇರುವಾಗ ದೊಡ್ಡ ಭೂಕಂಪ, 7.8 ತೀವ್ರತೆ. ಮೇ 12ರಂದು ಇನ್ನೊಂದು, 7.3. ಒಟ್ಟು ಸುಮಾರು 9 ಸಾವಿರ ಜನ ಹೋದರು. ಮೊದಲನೆಯದು ಆಗಿದ್ದು ಶನಿವಾರ. ನೇಪಾಳದಲ್ಲಿ ಶನಿವಾರ ರಜೆ, ಶಾಲೆಗಳು ಖಾಲಿ ಇದ್ದವು. ಸಾವಿರಾರು ಶಾಲೆ ಕಟ್ಟಡ ಹಾಳಾಗಿದ್ದವು, ವಾರದ ಬೇರೆ ದಿನ ಆಗಿದ್ದರೆ ಏನಾಗುತ್ತಿತ್ತು ಅಂತ ಅಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಸುಮ್ಮನೆ ತಲೆ ಆಡಿಸುತ್ತಾರೆ.

ಮನೆ ಕಳೆದುಕೊಂಡವರಿಗೆ ಸರ್ಕಾರ ಕೊಟ್ಟಿದ್ದು 3 ಲಕ್ಷ ನೇಪಾಳಿ ರೂಪಾಯಿ. ನಮ್ಮ 100 ಅಂದರೆ ಅವರ 160, ಹಾಗಾಗಿ ನಮ್ಮ ಲೆಕ್ಕದಲ್ಲಿ 1 ಲಕ್ಷ 87 ಸಾವಿರದ ಚಿಲ್ಲರೆ. ಅದೂ ಒಟ್ಟಿಗೆ ಅಲ್ಲ, ಮೂರು ಕಂತು. ಮೊದಲು 50 ಸಾವಿರ. ಪಾಯ ಮುಗಿಸಿದ ಮೇಲೆ ಇಂಜಿನಿಯರ್ ಬಂದು ನೋಡಿ ಸರಿ ಅಂದರೆ ಒಂದೂವರೆ ಲಕ್ಷ. ಗೋಡೆ ಎದ್ದ ಮೇಲೆ ಮತ್ತೆ ತಪಾಸಣೆ, ಆಗ ಕೊನೆಯ 1 ಲಕ್ಷ. ಈ ಕಂತಿನ ವಿಷಯ ನೆನಪಿಟ್ಟುಕೊಳ್ಳಿ.

ಅಲ್ಲಿನ ಮನೆಗಳು ಕಲ್ಲು ಮಣ್ಣಿನವು. ಒಂದೂವರೆ ಅಡಿ ದಪ್ಪದ ಗೋಡೆ ಅಂದರೆ ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರು ಪಾರು ತುಂಬಿಸಿದ್ದು. ನೋಡೋಕೆ ಗಟ್ಟಿ. ನೆಲ ಅಲುಗಾಡಿದರೆ ಎರಡು ಸಾಲೂ ಬೇರೆ ಬೇರೆಯಾಗಿ ಒಂದು ಹೊರಗೆ, ಒಂದು ಒಳಗೆ ಮಲಗಿದವರ ಮೇಲೆ ಬೀಳುತ್ತದೆ. ಅದಕ್ಕೇ ಹೊಸ ನಿಯಮದಲ್ಲಿ ಗೋಡೆಯ ಒಳಮೈಯಿಂದ ಹೊರಮೈವರೆಗೆ ಪೂರ್ತಿ ಹಾಯುವ ಉದ್ದ ಕಲ್ಲನ್ನು ಅಲ್ಲಲ್ಲಿ ಇಡಲೇಬೇಕು. ನನಗೆ ಕಲಿಸಿದ ಲೆಕ್ಕ ಅಂದರೆ ಎತ್ತರದಲ್ಲಿ ಎರಡು ಅಡಿಗೊಮ್ಮೆ, ಉದ್ದದಲ್ಲಿ ನಾಲ್ಕು ಅಡಿಗೊಮ್ಮೆ. ಜೊತೆಗೆ ಕಿಟಕಿಯ ಕೆಳಗೆ ಮೇಲೆ ಮರದ್ದೋ ಕಾಂಕ್ರೀಟಿನದೋ ಪಟ್ಟಿ, ಇಡೀ ಮನೆಗೆ ಸೊಂಟಪಟ್ಟಿ ಕಟ್ಟಿದ ಹಾಗೆ.

ನನ್ನ ಕಥೆ. ಮೂರನೇ ವಾರಕ್ಕೆ ನನಗೆ ಧೈರ್ಯ ಬಂದುಬಿಟ್ಟಿತ್ತು. ಡಕರ್ಮಿ ಊಟಕ್ಕೆ ಹೋದ. ಡಕರ್ಮಿ ಅಂದರೆ ಅಲ್ಲಿನ ಮೇಸ್ತ್ರಿ. ನಾನೂ ಒಬ್ಬ ಪಂಜಾಬಿ ಹುಡುಗನೂ ಸೇರಿ, ಅವನು ಬರುವುದರೊಳಗೆ ಒಂದು ಸಾಲು ಮುಗಿಸಿ ಶಭಾಷ್ ಅನ್ನಿಸಿಕೊಳ್ಳೋಣ ಅಂತ ಹಿಂದಿನ ಗೋಡೆಯಲ್ಲಿ ಎರಡೂವರೆ ಅಡಿ ಏರಿಸಿದೆವು. ನೋಡೋಕೆ ಚೆನ್ನಾಗೇ ಇತ್ತು. ಅವನು ಬಂದ. ಗೋಡೆಯ ಪಕ್ಕ ಕೂತು ಒಂದು ಬೀಡಿ ಸೇದಿದ. ಆಮೇಲೆ ಕೇಳಿದ, ಉದ್ದ ಕಲ್ಲು ಎಲ್ಲಿ? ಒಂದೂ ಇಟ್ಟಿರಲಿಲ್ಲ. ಉದ್ದ ಕಲ್ಲು ಜಾಸ್ತಿ ಭಾರ, ಎತ್ತೋಕೆ ಕಷ್ಟ ಅಂತ ಪಕ್ಕಕ್ಕೆ ಸರಿಸಿ ಸಣ್ಣವನ್ನೇ ಆರಿಸಿ ಆರಿಸಿ ಇಟ್ಟಿದ್ದೆವು. ಆತ ಬೈಯಲಿಲ್ಲ. ನಾವೇ ಬಿಚ್ಚಬೇಕು ಅಂದ. ಸಂಜೆವರೆಗೆ ಬಿಚ್ಚಿದೆವು. ಆ ಮನೆಯ ಯಜಮಾನಿ, ವಯಸ್ಸಾದ ವಿಧವೆ, ಅಲ್ಲೇ ನಿಂತು ನೋಡುತ್ತಿದ್ದರು. ಇಂಜಿನಿಯರ್ ಬರೋದಿತ್ತು ಆ ವಾರ. ಅವನ ಕಣ್ಣಿಗೆ ಅದು ಬಿದ್ದಿದ್ದರೆ ಆಕೆಯ ಕೊನೆಯ ಕಂತು ನಿಲ್ಲುತ್ತಿತ್ತು. ಕಣ್ಣಿಗೆ ಬೀಳದೆ ಹೋಗಿದ್ದರೆ ಇನ್ನೂ ಕೆಟ್ಟದ್ದು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನದಿಂದ ನಾನು ಗೋಡೆ ಮುಟ್ಟಲಿಲ್ಲ. ಡೋಕೊ ಹೊತ್ತೆ. ಬಿದಿರಿನ ದೊಡ್ಡ ಬುಟ್ಟಿ ಅದು, ನಾಮ್ಲೊ ಅನ್ನುವ ಪಟ್ಟಿಯನ್ನು ಹಣೆಗೆ ಕೊಟ್ಟು ಬೆನ್ನ ಮೇಲೆ ಹೊರುವುದು. ನಮ್ಮಲ್ಲಿ ತಲೆ ಮೇಲೆ ಹೊರುತ್ತೇವಲ್ಲ, ಅದಕ್ಕಿಂತ ಬೇರೆ ಕಸರತ್ತು, ಮೂರು ದಿನ ಕುತ್ತಿಗೆ ತಿರುಗಿಸೋಕೆ ಆಗಲಿಲ್ಲ. 50 ದಾಟಿದ ಹೆಂಗಸರು ನನ್ನ ಎರಡರಷ್ಟು ಹೊತ್ತು ನನ್ನನ್ನು ದಾಟಿ ಹೋಗುತ್ತಿದ್ದರು. ಆದರೂ ಡಕರ್ಮಿಗೆ ಕಲ್ಲು, ಮಣ್ಣು ಕೈಗೆ ಸಿಕ್ಕರೆ ಅವನ ಕೆಲಸ ನಿಲ್ಲೋದಿಲ್ಲ. ಆ ಕೊನೆಯ ಎರಡು ವಾರದಲ್ಲಿ ಮಾತ್ರ ನಾನು ಉಪಯೋಗಕ್ಕೆ ಬಂದೆ ಅಂತ ನನ್ನ ಅಂದಾಜು.

ನಮ್ಮ ಮಲೆನಾಡಲ್ಲಿ ಮುಯ್ಯಾಳು ಅನ್ನುತ್ತೇವಲ್ಲ, ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು, ಅಲ್ಲಿಯೂ ಅದೇ ಪದ್ಧತಿ ಇದೆ. ಪರ್ಮಾ ಅನ್ನುತ್ತಾರೆ. ಆ ಯಜಮಾನಿಗೆ ನನ್ನ ಬಗ್ಗೆ ಇದ್ದ ಚಿಂತೆ ಇದೊಂದೇ. ಇವನ ಮುಯ್ಯಿ ತೀರಿಸೋಕೆ ನಾವು ಇವನ ಊರಿಗೆ ಹೋಗೋದು ಹೇಗೆ ಅಂತ. ಹೊರಡುವ ದಿನ ಎರಡು ಸೇರು ಕರಿ ಉದ್ದು ಕಟ್ಟಿಕೊಟ್ಟರು. ತೀರ್ಥಹಳ್ಳಿಗೆ ತಂದು ಅಮ್ಮನಿಗೆ ಕೊಟ್ಟೆ.

ಎರಡು ವಾರ ಸಾಕಾಗೋದಿಲ್ಲ. ಎರಡು ವಾರಕ್ಕೆ ನಾನು ಸುಸ್ತಾಗೋದನ್ನು ಮಾತ್ರ ಕಲಿತಿದ್ದೆ.

ಸುಮ್ನಿರಪ್ಪ

ನೇಪಾಳ ಯಾಕೆ? 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಕುಸಿದಾಗ ಇವರೆಲ್ಲ ಎಲ್ಲಿದ್ದರು? ಪಾಸ್‌ಪೋರ್ಟಿಗೆ ಠಸ್ಸೆ ಬೀಳದಿದ್ದರೆ ಸೇವೆ ಅನ್ನಿಸೋದಿಲ್ಲವಾ?

ತುಂಗಾ_ತೀರ

@ಸುಮ್ನಿರಪ್ಪ ನಾನು ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಹತ್ತು ದಿನ ಇದ್ದೆ, ಅಕ್ಕಿ ಮೂಟೆ ಇಳಿಸುತ್ತಾ. ಮೊದಲ ವಾರ ಕಾಲಿಡೋಕೆ ಜಾಗ ಇರಲಿಲ್ಲ ಸ್ವಯಂಸೇವಕರಿಂದ. ಮೂರನೇ ವಾರ ಹುಡುಕಿದರೂ ಇಲ್ಲ. ನೀವು ಯಾವ ವಾರ ಬಂದಿದ್ದಿರಿ?

(ಅಂದ ಹಾಗೆ, ನೇಪಾಳಕ್ಕೆ ಭಾರತೀಯರಿಗೆ ಠಸ್ಸೆ ಬೀಳೋದಿಲ್ಲ.)

ತೊಗರಿ_ನಾಡು

ನಾನು ಆಳಂದದವಳು, ಕಲಬುರಗಿ ಜಿಲ್ಲೆ. ನನ್ನ ತಾಯಿಯ ತವರು ಗಡಿ ಆಚೆ ಮಹಾರಾಷ್ಟ್ರದಲ್ಲಿ, ಉಮರ್ಗಾ ಹತ್ತಿರದ ಹಳ್ಳಿ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಇಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಬೆಳಗಿನ ಜಾವ ನಾಲ್ಕರ ಹೊತ್ತು. ಹತ್ತು ಸಾವಿರದ ಹತ್ತಿರ ಸಾವು. ತುಂಗಾ ತೀರದವರು ಹೇಳಿದರಲ್ಲ ಎರಡು ಸಾಲಿನ ಕಲ್ಲುಗೋಡೆ, ಅದೇ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ. ನಮ್ಮ ಅಜ್ಜಿ ಹೋದದ್ದು ಅದರಲ್ಲೇ. ನಾನು ಆಗ ಎರಡನೇ ಕ್ಲಾಸು.

ನಾನು ಹೇಳಬೇಕೆಂದಿದ್ದು ಆಮೇಲಿನದು. ಎಲ್ಲೆಲ್ಲಿಂದಲೋ ಬಂದು ಮನೆ ಕಟ್ಟಿಕೊಟ್ಟರು. ಒಳ್ಳೆಯವರೇ. ಆದರೆ ಊರನ್ನೇ ಎತ್ತಿ ಬೇರೆ ಕಡೆ ಇಟ್ಟರು, ಹೊಲದಿಂದ ದೂರ. ಗೆರೆ ಎಳೆದ ಹಾಗೆ ಸಾಲು ಮನೆ, ಅಗಲ ರಸ್ತೆ. ಮಾವ ಹೇಳುತ್ತಿದ್ದರು, "ಮನಿ ಕೊಟ್ಟಾರ, ದನ ಎಲ್ಲಿ ಕಟ್ಟಲಿ?" ಹಳೇ ಊರಲ್ಲಿ ಮನೆ ಅಂದರೆ ಎತ್ತರದ ಗೋಡೆ, ದೊಡ್ಡ ಬಾಗಿಲು, ಒಳಗೆ ಅಂಗಳ, ಹೆಂಗಸರು ಅಲ್ಲೇ ಕೂತು ಕಾಳು ಹಸನು ಮಾಡುತ್ತಿದ್ದರು. ಹೊಸ ಮನೆಯಲ್ಲಿ ಬಾಗಿಲು ತೆಗೆದರೆ ರಸ್ತೆ. ಒಂದು ವರ್ಷದೊಳಗೆ ಎಲ್ಲರೂ ತಗಡು ಹಾಕಿ, ಗೋಡೆ ಎಬ್ಬಿಸಿ ತಮಗೆ ಬೇಕಾದ ಹಾಗೆ ಮಾಡಿಕೊಂಡರು. ಹಾಗೆ ಎಬ್ಬಿಸಿದ್ದು ಯಾವುದು ಅಂತೀರಿ? ಮತ್ತೆ ಅದೇ ಕಲ್ಲುಮಣ್ಣಿನ ಗೋಡೆ! ಕಟ್ಟಿಕೊಟ್ಟವರು ಹೋದರು, ಹೇಗೆ ಕಟ್ಟಬೇಕು ಅಂತ ಕಲಿಸೋದನ್ನು ಬಿಟ್ಟು ಹೋದರು.

ಎಲ್ಲ ಕಡೆ ಹಾಗಾಗಲಿಲ್ಲ, ಅದನ್ನೂ ಹೇಳಬೇಕು. ಬೀಳದೆ ಉಳಿದ ಕೆಲವು ಹಳೇ ಮನೆಗಳಿಗೆ ಗೋಡೆಯಲ್ಲಿ ಆಚೆ ಈಚೆ ಕಾಣುವ ಹಾಗೆ ತೂತು ಕೊರೆದು, ಕೊಕ್ಕೆ ಬಗ್ಗಿಸಿದ ಕಬ್ಬಿಣ ಇಟ್ಟು ಕಾಂಕ್ರೀಟ್ ತುಂಬಿದರು. ಉದ್ದ ಕಲ್ಲಿನ ಬದಲಿಗೆ ಅದು. ನಮ್ಮ ಸೋದರಮಾವ ಒಬ್ಬರು ಆ ಕೆಲಸ ನೋಡಿ ಕಲಿತು ಆಮೇಲೆ ಹತ್ತಾರು ಮನೆಗೆ ಅವರೇ ಮಾಡಿದರು, ದುಡ್ಡೂ ದುಡಿದರು.

ಅದಕ್ಕೆ ತಂಗಿ, ಏಜೆನ್ಸಿಯವರನ್ನು ಇದೊಂದು ಕೇಳು. ನಕ್ಷೆ ಯಾರು ಮಾಡಿದ್ದು? ಆ ಊರಿನ ಹೆಂಗಸರನ್ನು ಕೇಳಿದ್ದಾರಾ? ಊರಿನ ಮೇಸ್ತ್ರಿ ಎಷ್ಟು ಜನ ಕೂಲಿಗೆ ಇದ್ದಾರೆ?

ಕಲ್ಪತರು_ಹುಡುಗಿ

ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಅಕ್ಕ, ನೀವು ಹೇಳಿದ ಮೂರೂ ಪ್ರಶ್ನೆ ಮೇಲ್ ಮಾಡಿದೆ. ಎರಡು ದಿನಕ್ಕೆ ಉತ್ತರ ಬಂತು. ನಕ್ಷೆ ಬಗ್ಗೆ ಒಂದು ಅಕ್ಷರ ಇಲ್ಲ. ಊರಿನ ಮೇಸ್ತ್ರಿಗಳ ಬಗ್ಗೆ "ಸ್ಥಳೀಯ ಸಿಬ್ಬಂದಿ ನಿಮ್ಮ ಸುರಕ್ಷತೆ ನೋಡಿಕೊಳ್ಳುತ್ತಾರೆ" ಅಂತ ಇದೆ. ಜೊತೆಗೆ ಈ ವಾರದೊಳಗೆ ದುಡ್ಡು ಕಟ್ಟಿದರೆ 10 ಪರ್ಸೆಂಟ್ ಕಡಿಮೆ ಅಂತೆ. ಬಟ್ಟೆ ಅಂಗಡಿ ಥರ.

ಇನ್ನೊಂದು ವಿಷಯ. ಮಳೆ ಬಂದು ಗೋಡೆ ಕೆಲಸ ನಿಂತರೆ ಹತ್ತಿರದ ಅನಾಥಾಶ್ರಮದಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬಹುದು ಅಂತಲೂ ಬರೆದಿದ್ದಾರೆ. ಅದು ಪರವಾಗಿಲ್ಲವಾ?

ಪಹಾಡಿ_ಬೆಂಗಳೂರು

ನಮಸ್ತೆ. ನಾನು ನೇಪಾಳಿ. ಅಪ್ಪ ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಸೆಕ್ಯುರಿಟಿ, ನಾನು ಆರು ವರ್ಷದವನಿದ್ದಾಗ ಇಲ್ಲಿಗೆ ಬಂದೆ, ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಓದಿದ್ದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಕ್ಕ, ಅನಾಥಾಶ್ರಮಕ್ಕೆ ಮಾತ್ರ ಹೋಗಬೇಡಿ. ನಮ್ಮ ದೇಶದಲ್ಲಿ ಆ ಮನೆಗಳಲ್ಲಿ ಇರುವ ಹೆಚ್ಚಿನ ಮಕ್ಕಳಿಗೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದರೂ ಬದುಕಿರುತ್ತಾರೆ. ಶಾಲೆಗೆ ಸೇರಿಸ್ತೀವಿ ಅಂತ ಹಳ್ಳಿಯಿಂದ ಕರೆದುಕೊಂಡು ಬಂದಿರುತ್ತಾರೆ. ನೋಡೋಕೆ ಬರುವವರು ಜಾಸ್ತಿ ಆದಷ್ಟೂ ಹಳ್ಳಿಯಿಂದ ಮಕ್ಕಳನ್ನು ತರೋದೂ ಜಾಸ್ತಿ.

ನಮ್ಮೂರು ಜಾಜರಕೋಟ್ ಜಿಲ್ಲೆ. 2023ರ ನವೆಂಬರ್ 3, ರಾತ್ರಿ 11:47ಕ್ಕೆ ಅಲ್ಲಿ ಭೂಕಂಪ ಆಯಿತು. ನೇಪಾಳದ ಗಡಿಯಾರ ನಿಮಗಿಂತ 15 ನಿಮಿಷ ಮುಂದೆ, ಹಾಗಾಗಿ ಇಲ್ಲಿ 11:32. ಅಪ್ಪ ಗೇಟಲ್ಲಿ ನೈಟ್ ಡ್ಯೂಟಿಯಲ್ಲಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಫೋನ್ ಸಿಕ್ಕಿತು. ಅಮ್ಮ ಕೊಯ್ದ ಭತ್ತ ಕಾಯುತ್ತಾ ಅಂಗಳದಲ್ಲಿ ಮಲಗಿದ್ದರು, ಅದಕ್ಕೆ ಉಳಿದರು. ಮನೆ ಪೂರ್ತಿ ಒಳಕ್ಕೆ ಬಿದ್ದಿತ್ತು. ನಮ್ಮ ಜಿಲ್ಲೆ, ಪಕ್ಕದ ಪಶ್ಚಿಮ ರುಕುಂ ಸೇರಿ 150ಕ್ಕೂ ಜಾಸ್ತಿ ಜನ ಹೋದರು. ತಾತ್ಕಾಲಿಕ ಮನೆಗೆ ಸರ್ಕಾರ ಕೊಟ್ಟಿದ್ದು 50 ಸಾವಿರ ನೇಪಾಳಿ, 25ರ ಎರಡು ಕಂತು. ಅದರಲ್ಲಿ ತಗಡಿನ ಶೆಡ್ ಆಯಿತು. ಜನವರಿ ಚಳಿಗೆ ತಗಡು ಹೇಗಿರುತ್ತೆ ಅಂದರೆ ಬೆಳಿಗ್ಗೆ ಒಳಗಡೆಯಿಂದ ನೀರು ತೊಟ್ಟಿಕ್ಕುತ್ತೆ.

ಸ್ವಯಂಸೇವಕರು ಬೇಕಾ ಅಂತ ಕೇಳಿದರೆ ನನಗೆ ಎರಡು ಥರ ಅನ್ನಿಸುತ್ತೆ. ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ಬರದವರು ಬಂದರೆ ಕಷ್ಟವೇ. ಆದರೆ ನಮ್ಮ ಊರಲ್ಲಿ ಹೊರೋಕೂ ಜನ ಇಲ್ಲ. 20ರಿಂದ 45ರ ಗಂಡಸರನ್ನು ಕೈಬೆರಳಲ್ಲಿ ಎಣಿಸಬಹುದು. ಉಳಿದವರೆಲ್ಲ ಕತಾರ್, ಸೌದಿ, ಇಲ್ಲದಿದ್ದರೆ ಇಲ್ಲಿ. ನೀವು ದಿನಾ ನೋಡುವವರೇ. ಅಡುಗೆ ಮಾಡುವವರು, ಮೊಮೊ ಮಾರುವವರು, ಗೇಟು ತೆಗೆಯುವವರು. ಮನೆ ಕಟ್ಟೋಕೆ ವಾಪಸ್ ಹೋದರೆ ಸಂಬಳ ನಿಲ್ಲುತ್ತೆ, ಸಂಬಳ ನಿಂತರೆ ಮನೆಗೆ ಕಲ್ಲು ಇಳಿಸೋಕೆ ದುಡ್ಡಿಲ್ಲ. ಅಪ್ಪ ಎರಡು ಸಲ ಮಾತ್ರ ಹೋಗಿ ಬಂದರು. ಪಾಯ ಅಮ್ಮ, ಚಿಕ್ಕಮ್ಮ, ಇನ್ನೂ ಮೂರು ಹೆಂಗಸರೇ ಸೇರಿ ತೋಡಿದ್ದು.

ನಿಮ್ಮ 1 ಲಕ್ಷ 20 ಸಾವಿರ ಅಂದರೆ ನಮ್ಮ 1 ಲಕ್ಷ 92 ಸಾವಿರ. ನಮ್ಮ ಕಡೆ ಈಗ ಒಳ್ಳೆ ಡಕರ್ಮಿಗೆ ದಿನಕ್ಕೆ 1,500ರ ಹತ್ತಿರ. ನೀವೇ ಭಾಗಿಸಿ ನೋಡಿ.

ಕಲ್ಪತರು_ಹುಡುಗಿ

128 ದಿನ.

ಸ್ವಲ್ಪ ಹೊತ್ತು ಏನೂ ಟೈಪ್ ಮಾಡೋಕೆ ಆಗಲಿಲ್ಲ. ಹಾಗಾದರೆ ನಾನು ಹೋಗದೆ ದುಡ್ಡು ಕಳಿಸೋದೇ ಸರಿ ಅಲ್ವಾ?

ಪಹಾಡಿ_ಬೆಂಗಳೂರು

ಅದನ್ನು ನಾನು ಹೇಗೆ ಹೇಳಲಿ ಅಕ್ಕ. ದುಡ್ಡು ಕೇಳೋಕೆ ಬರೆದಿದ್ದಲ್ಲ. ದುಡ್ಡು ಕಳಿಸಿದವರು ತುಂಬಾ ಜನ ಇದ್ದಾರೆ, ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಬಂದು ನೋಡಿದವರು ಇದ್ದರೆ ಅಷ್ಟು ಸುಲಭದಲ್ಲಿ ಕಳೆದುಹೋಗೋದಿಲ್ಲ. ನಮ್ಮೂರ ಹೆಂಗಸರ ಉಳಿತಾಯ ಗುಂಪು ಒಂದಿದೆ, ಅವರೇ ಸರದಿ ಪ್ರಕಾರ ಮನೆ ಕಟ್ಟಿಸುತ್ತಿದ್ದಾರೆ. ಅಮ್ಮನಿಗೆ ಫೋನ್ ಮಾಡಿ ಕೇಳ್ತೀನಿ.

ತುಂಗಾ_ತೀರ

ಹೋಗೋದೇ ಆದರೆ ಕೆಲವು ವಿಷಯ. ವೋಟರ್ ಐಡಿ ಅಥವಾ ಪಾಸ್‌ಪೋರ್ಟ್ ತಗೊಂಡು ಹೋಗಿ, ಆಧಾರ್ ನಂಬಿಕೊಂಡು ಹೊರಡಬೇಡಿ. 1950ರ ಒಪ್ಪಂದ ಇರುವುದರಿಂದ ನಮಗೆ ವೀಸಾ ಬೇಡ. ಬೇರೆ ದೇಶದವರಿಗೆ ಅಲ್ಲಿ ಟೂರಿಸ್ಟ್ ವೀಸಾದ ಮೇಲೆ ಸ್ವಯಂಸೇವೆ ಮಾಡುವಂತಿಲ್ಲ, ಆದರೂ ಎಷ್ಟೋ ಏಜೆನ್ಸಿಗಳು ಹಾಗೇ ಕರೆಸುತ್ತವೆ, ನಿಮ್ಮ ಗುಂಪಿನಲ್ಲಿ ಬಿಳಿಯರು ಇದ್ದರೆ ಅವರಿಗೆ ಇದು ಗೊತ್ತಿರುತ್ತದೋ ಇಲ್ಲವೋ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಮಣ್ಣಿನ ಗೋಡೆ ಕಟ್ಟೋಕೆ ಆಗೋದಿಲ್ಲ, ರಸ್ತೆಯೂ ಕುಸಿಯುತ್ತದೆ. ಆಮೇಲೆ ದಸೈಂ, ಅಂದರೆ ನಮ್ಮ ದಸರಾ, ಹತ್ತು ಹದಿನೈದು ದಿನ ಯಾರೂ ಕೆಲಸ ಮುಟ್ಟೋದಿಲ್ಲ. ಅದರ ಹಿಂದೆಯೇ ತಿಹಾರ್. ಅದು ಮುಗಿದ ಮೇಲೆ ಹೋಗಿ.

ಬೆಳಿಗ್ಗೆ ತಿಂಡಿ ನಿರೀಕ್ಷೆ ಮಾಡಬೇಡಿ. ಹತ್ತು ಗಂಟೆಗೆ ಅನ್ನ ಬೇಳೆ, ಸಂಜೆ ಏಳಕ್ಕೆ ಮತ್ತೆ ಅನ್ನ ಬೇಳೆ, ನಡುವೆ ಅವಲಕ್ಕಿ. ನನಗೆ ಏನೂ ತೊಂದರೆ ಆಗಲಿಲ್ಲ, ಪಂಜಾಬಿ ಹುಡುಗ ಅತ್ತುಬಿಟ್ಟ. ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಿ. ಇನ್ನೊಂದು, ನಮ್ಮನ್ನು ಎಲ್ಲರೂ ನಗುನಗುತ್ತಾ ಸ್ವಾಗತಿಸುತ್ತಾರೆ ಅಂದುಕೊಳ್ಳಬೇಡಿ. ಭೂಕಂಪ ಆದ ವರ್ಷವೇ, 2015ರ ಕೊನೆಗೆ ಗಡಿಯಲ್ಲಿ ಲಾರಿಗಳು ನಿಂತು ಅಲ್ಲಿ ಗ್ಯಾಸು, ಪೆಟ್ರೋಲು, ಔಷಧಿ ಸಿಗದೆ ತಿಂಗಳುಗಟ್ಟಲೆ ಒದ್ದಾಡಿದ್ದರು. ನಾಕಾಬಂದಿ ಅನ್ನುತ್ತಾರೆ. ಅದಕ್ಕೆ ಭಾರತವೇ ಕಾರಣ ಅನ್ನೋ ಸಿಟ್ಟು ಅವರದ್ದು. ಚಹಾ ಅಂಗಡಿಯಲ್ಲಿ ನನ್ನನ್ನು ನೇರವಾಗೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಕೇಳಿಸಿಕೊಂಡೆ.

ಕಲ್ಪತರು_ಹುಡುಗಿ

ಮೂರು ವಾರ ಆಯಿತು, ಬರೆಯೋಕೆ ಆಗಲಿಲ್ಲ. ಕೈ ಕಾರಣ. ಹೇಳ್ತೀನಿ.

ಹುಬ್ಬಳ್ಳಿ ಅಣ್ಣ, ಕಾಂಪೌಂಡ್ ಕಟ್ಟಿದೆವು. ಗುಬ್ಬಿಯಿಂದ ಒಬ್ಬ ಮೇಸ್ತ್ರಿ ಬಂದರು, 60ರ ಮೇಲೆ ವಯಸ್ಸು. ಎರಡು ಶನಿವಾರ, ಎರಡು ಭಾನುವಾರ. ಮೊದಲ ದಿನ ಅವರು ನನಗೆ ಕರಣೆ ಕೊಡಲೇ ಇಲ್ಲ. ಮರಳು ಜರಡಿ ಹಿಡಿ, ಇಟ್ಟಿಗೆ ನೆನೆಹಾಕು, ಬಾಂಡ್ಲಿ ತಾ. ಮಧ್ಯಾಹ್ನಕ್ಕೆ ಸೊಂಟ ಹೋಯಿತು. ನಾನು ಕಲಸಿದ ಗಾರೆ ನೀರಾಗಿತ್ತು, "ಇದೇನು ಗಂಜಿನಾ?" ಅಂದರು. ಎರಡನೇ ದಿನ ಗ್ಲೌಸ್ ಇಲ್ಲದೆ ಸಿಮೆಂಟಿಗೆ ಕೈ ಹಾಕಿ ಬೆರಳ ಸಂದಿಯೆಲ್ಲ ಸುಟ್ಟ ಹಾಗಾಯಿತು, ಕೀಬೋರ್ಡ್ ಮುಟ್ಟೋಕಾಗದೆ ಹಳೇ ಕಂಪನಿಯ ಕೊನೆಯ ವಾರ ಒಂದೊಂದೇ ಬೆರಳಲ್ಲಿ ಟೈಪ್ ಮಾಡಿದೆ. ನಾಲ್ಕನೇ ದಿನ ಅವರು ಕೂಗೋದಕ್ಕೆ ಮೊದಲೇ ಬಾಂಡ್ಲಿ ಅವರ ಕೈ ಹತ್ತಿರ ಇಟ್ಟೆ. ಅವರು ಏನೂ ಹೇಳಲಿಲ್ಲ. ಆದರೆ ಸಂಜೆ ಕೊನೆಯ ಸಾಲಿನಲ್ಲಿ ಹನ್ನೊಂದು ಇಟ್ಟಿಗೆ ನನ್ನ ಕೈಲಿ ಇಡಿಸಿದರು. ಒಂದೊಂದಕ್ಕೂ ರಸಮಟ್ಟ. ಆ ಹನ್ನೊಂದನ್ನು ಅಪ್ಪ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಹೋಗಿ ನೋಡುತ್ತಾರೆ, ಬಿದ್ದಿದೆಯೇನೋ ಅಂತ.

ಏಜೆನ್ಸಿ ಬಿಟ್ಟೆ. ಹೊಸ ಕಂಪನಿಯವರನ್ನು ಬೇಡಿಕೊಂಡು ಸೇರುವ ದಿನ ಮುಂದಕ್ಕೆ ಹಾಕಿಸಿದ್ದೇನೆ. ಪಹಾಡಿ ತಮ್ಮನ ಜೊತೆ, ಅವರ ಅಮ್ಮನ ಜೊತೆ ಫೋನಲ್ಲಿ ಮಾತಾಡಿದೆ, ಅಮ್ಮನ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿದೆ. ತಿಹಾರ್ ಆದ ಮೇಲೆ ಐದು ವಾರ. 60 ಸಾವಿರ ಹೆಂಗಸರ ಗುಂಪಿನ ಲೆಕ್ಕಕ್ಕೆ, ಡಕರ್ಮಿಯ ಕೂಲಿಗೆ ಮಾತ್ರ, ಅದೂ ವಾರವಾರ ಅವರ ಪುಸ್ತಕದಲ್ಲಿ ಬರೆಸಿ ಕೊಡಬೇಕು ಅಂತ ಅವರೇ ಹೇಳಿದರು. ನನ್ನ ಕೆಲಸ ಡೋಕೊ. ಉದ್ದ ಕಲ್ಲನ್ನು ಪಕ್ಕಕ್ಕೆ ಸರಿಸೋದಿಲ್ಲ, ಪ್ರಾಮಿಸ್.

ಕರಣೆ, ರಸಮಟ್ಟ ಇಲ್ಲಿಂದ ತಗೊಂಡು ಹೋಗಬೇಕಾ?

ಹುಬ್ಬಳ್ಳಿ_ಗಾರೆ

ಕರಣೆ ಬೇಡ. ಹನ್ನೊಂದು ಇಟ್ಟಿಗೆಗೇ ಕರಣೆ ಕೊಂಡರೆ ಹೇಗೆ. ಮೇಸ್ತ್ರಿಗೆ ಕೊಡೋಕೆ ಒಂದು ಒಳ್ಳೆ ರಸಮಟ್ಟ ಒಯ್ಯಿ, ಎರಡು ಅಡಿಯದ್ದು. ನಿನಗೆ ದಪ್ಪ ಗ್ಲೌಸ್ ನಾಲ್ಕು ಜೊತೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚು.

ಪಹಾಡಿ_ಬೆಂಗಳೂರು

ಕಾಠ್ಮಂಡುಗೆ ಹೋಗಬೇಡಿ ಅಕ್ಕ, ಸುತ್ತು ಆಗುತ್ತೆ. ಲಖನೌವರೆಗೆ ರೈಲು, ಅಲ್ಲಿಂದ ರುಪೈಡೀಹಾ ಗಡಿಗೆ ಬಸ್ಸು, ಗಡಿ ದಾಟಿದರೆ ನೇಪಾಳಗಂಜ್. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಜಾಜರಕೋಟ್ ಬಸ್ಸು ಹಿಡಿಯಿರಿ, ಎಡಗಡೆ ಕಿಟಕಿ ಸೀಟು ಬೇಡ, ಕೆಳಗೆ ನೋಡಿದರೆ ತಲೆ ತಿರುಗುತ್ತೆ. ಬಸ್ಸು ಇಳಿಯೋ ಜಾಗಕ್ಕೆ ಚಿಕ್ಕಮ್ಮನ ಮಗಳು ಬರುತ್ತಾಳೆ.

ಒಂದು ಸಹಾಯ. ಅಮ್ಮನ ಕುಕ್ಕರ್ ಇಲ್ಲಿಂದ ತಗೊಂಡು ಹೋಗಿದ್ದು, 5 ಲೀಟರ್. ಮನೆ ಬಿದ್ದಾಗ ಮುಚ್ಚಳ ಸ್ವಲ್ಪ ಸೊಟ್ಟ ಆಗಿದೆ ಆದರೆ ನಡೆಯುತ್ತೆ, ಗ್ಯಾಸ್ಕೆಟ್ ಮಾತ್ರ ಹೋಗಿದೆ, ಅಲ್ಲಿ ಆ ಸೈಜ್ ಸಿಗುತ್ತಿಲ್ಲ. ಎರಡು ಗ್ಯಾಸ್ಕೆಟ್ ನಾನು ಕೊಂಡಿಟ್ಟಿದ್ದೇನೆ. ನೀವು ಹೊರಡೋ ದಿನ ಸ್ಟೇಷನ್ನಿಗೇ ತಂದುಕೊಡ್ತೀನಿ, ಬ್ಯಾಗಲ್ಲಿ ಜಾಗ ಇರುತ್ತಾ?